ಅಪ್ಪನ ಹಳೇ ಡೆಸ್ಕ್‌ಟಾಪು, ನುಡಿ ಫೈಲುಗಳು, ತುಂಬಿರೋ ಫೋನು: ಎಲ್ಲಾ ಹೊಸದು ತಗೊಳ್ಳೋದಾ, ಇರೋದ್ರಲ್ಲೇ ಮುಂದುವರಿಯೋದಾ?

ಮಲ್ನಾಡ್ ಮಗಳು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ ಪ್ಲೀಸ್.

ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಊರು ತೀರ್ಥಹಳ್ಳಿ ಹತ್ರ. ಸರ್ವೀಸಲ್ಲಿದ್ದಾಗಿಂದಾನೂ ನಮ್ ಸುತ್ತಮುತ್ತಲ ಹಳ್ಳಿಗಳ ಅಂಟಿಗೆ ಪಂಟಿಗೆ ಪದ (ದೀಪಾವಳೀಲಿ ಮನೆಮನೆಗೆ ಹೋಗಿ ಹಾಡೋದು), ನಾಟಿ ಪದ, ಮದ್ವೆಮನೆ ಹಾಡು ಇವನ್ನೆಲ್ಲ ಬರ್ಕೊಂಡು, ರೆಕಾರ್ಡ್ ಮಾಡ್ಕೊಂಡು ಬಂದಿದಾರೆ. ಬರೆದಿದ್ದೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋ ವರ್ಡ್ ಫೈಲುಗಳು, 2005ರಿಂದ ಈಚೆಗಿನವು. ಹಾಡಿದೋರ ದನಿ ಸ್ವಲ್ಪ ಸಿಡಿಗಳಲ್ಲಿದೆ, ಕ್ಯಾಸೆಟ್ಟಿಂದ ಅಂಗಡೀಲಿ ಮಾಡ್ಸಿದ್ದು. ಇನ್ ಸ್ವಲ್ಪ ಹಳೇ ನೋಕಿಯಾ ಫೋನಲ್ಲಿ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಲ್ಲಿ ಇಟ್ಟಿರೋದು, ಈಗಿನದು ಆಂಡ್ರಾಯ್ಡ್ ಫೋನಲ್ಲಿದೆ. ಹಾಡಿದ ಅಜ್ಜಿಯರಲ್ಲಿ ಸುಮಾರು ಜನ ಈಗಿಲ್ಲ.

ಈಗ ಸಮಸ್ಯೆ ಏನಂದ್ರೆ ಅವ್ರ ಡೆಸ್ಕ್‌ಟಾಪು 2012ರದ್ದು, ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, ಮೊದ್ಲು ವಿಂಡೋಸ್ 7 ಇತ್ತು ಆಮೇಲೆ 10 ಹಾಕ್ಸಿದ್ವಿ. ಆನ್ ಮಾಡಿ ಕಾಫಿ ಕುಡ್ಕೊಂಡು ಬಂದ್ರೂ ಇನ್ನೂ ತಿರುಗ್ತಾನೇ ಇರುತ್ತೆ. ಪೇಟೆ ಕಂಪ್ಯೂಟರ್ ಅಂಗಡಿಯವ್ರು ವಿಂಡೋಸ್ 10 ಮುಗೀತು, ಇದನ್ನ ಎಕ್ಸ್‌ಚೇಂಜಿಗೆ ಹಾಕಿ ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತಿದಾರೆ. ಫೋನಲ್ಲಿ ದಿನಾ ಬೆಳಗ್ಗೆ ಸ್ಟೋರೇಜ್ ಫುಲ್ ಅಂತ ಬರುತ್ತೆ, ಜೊತೆಗೆ ಜಿಮೇಲ್ ಕೂಡ ತುಂಬಿದೆ, ಮೇಲ್ ಬರೋದು ನಿಲ್ಲುತ್ತೆ ಅಂತ ಇನ್ನೊಂದು ಮೆಸೇಜು. ಅಪ್ಪಂದು ಒಂದೇ ಮಾತು, "ಏನ್ ತಂದ್ರೂ ಸರಿ, ನನ್ ಫೈಲು ತೆರ್ಕೋಬೇಕು."

ಬೆಂಗ್ಳೂರಲ್ಲಿ ನನ್ ಲ್ಯಾಪ್‌ಟಾಪಲ್ಲಿ ಒಂದು ಫೈಲ್ ತೆಗ್ದು ನೋಡ್ದೆ, ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರ್ತು, ತಲೆ ಮೇಲೆ ಗೀಟಿರೋ ಎ ಇಂಥವೇ ಸಾಲುಸಾಲಾಗಿ. ಹೀಗಿದ್ರೆ ಹೊಸ ಲ್ಯಾಪ್‌ಟಾಪ್ ತಂದು ಏನ್ ಉಪಯೋಗ? ನೀವೆಲ್ಲ ನಿಮ್ ಮನೆಗಳಲ್ಲಿ ಇದನ್ನ ಹೇಗೆ ನಿಭಾಯಿಸ್ತೀರ? ಯಾವಾಗ ಹೊಸದು ತಗೋತೀರ, ಹಳೇದ್ರಲ್ಲಿ ಇದ್ದಿದ್ದನ್ನ ಏನ್ಮಾಡ್ತೀರ?

ಹಳೇಮಷೀನ್:

ಮೇಡಮ್, ಮೊದಲ್ನೇ ಮಾತು, ಆ ಡೆಸ್ಕ್‌ಟಾಪನ್ನ ಈಗಲೇ ಎಕ್ಸ್‌ಚೇಂಜಿಗೆ ಕೊಡ್ಬೇಡಿ. ಅದ್ರಲ್ಲಿ ಡಿವಿಡಿ ಡ್ರೈವ್ ಇರುತ್ತೆ, ಈಗಿನ ಲ್ಯಾಪ್‌ಟಾಪಲ್ಲಿ ಅದು ಬರೋದೇ ಇಲ್ಲ ಅನ್ನಬಹುದು. ಅಪ್ಪನ ಸಿಡಿಗಳನ್ನ ಓದೋ ಮಷೀನು ನಿಮ್ಮನೇಲಿ ಅದೊಂದೇ ಇರಬಹುದು. ನುಡಿ ಫಾಂಟೆಲ್ಲಾ ಸರಿಯಾಗಿ ಕೂತಿರೋದೂ ಅದ್ರಲ್ಲೇ.

ವಿಂಡೋಸ್ 10 ಮುಗೀತು ಅಂದ್ರೆ 2025 ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಲ್ಸಿದೆ ಅಂತ, ಮಷೀನು ನಿಂತೋಗುತ್ತೆ ಅಂತಲ್ಲ. ಮನೆ ಬಳಕೆದಾರರಿಗೆ 2026 ಅಕ್ಟೋಬರ್ 13ರ ತನಕ ಇನ್ನೊಂದು ವರ್ಷದ ಅಪ್‌ಡೇಟ್‌ಗೆ ಸೇರ್ಕೊಳ್ಳೋ ಅವಕಾಶ ಕೊಟ್ಟಿದಾರೆ, ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕಾಣುತ್ತೆ, ಆದ್ರೆ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗಿರ್ಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಎಂಟನೇ ಜನರೇಶನ್ನಿಂದ ಈಚೆಗಿನ ಪ್ರೊಸೆಸರ್ ಬೇಕು. 2012ರ ಐ3 ಅಂದ್ರೆ ಎರಡನೇದೋ ಮೂರನೇದೋ ಜನರೇಶನ್ನು, ಹಾಗಾಗಿ ಅಧಿಕೃತವಾಗಿ ಆಗಲ್ಲ. ಒಳದಾರೀಲಿ ಹಾಕೋದು ಸುಮಾರು ಜನ ಮಾಡ್ತಾರೆ, ಮೇಷ್ಟ್ರ ಮಷೀನಿಗೆ ಅದು ಬೇಡ, ಯಾವ್ದೋ ಅಪ್‌ಡೇಟಲ್ಲಿ ಕೈಕೊಟ್ರೆ ಊರಲ್ಲಿ ನೋಡೋರ್ಯಾರು.

ನನ್ನ ಅಭಿಪ್ರಾಯ ಇಷ್ಟು. ಮಷೀನು ಯಾವ್ದು ಅನ್ನೋ ಪ್ರಶ್ನೇನ ಕೊನೇಗೆ ಇಟ್ಕೊಳ್ಳಿ. ಮೊದ್ಲು ಅಪ್ಪನ ಕೆಲ್ಸ ಎಲ್ಲೆಲ್ಲಿದೆ, ಯಾವ ರೂಪದಲ್ಲಿದೆ ನೋಡಿ, ಅದನ್ನ ಯಾವ ಮಷೀನಲ್ಲಾದ್ರೂ ತೆರೆಯೋ ಹಾಗೆ ಮಾಡ್ಕೊಳ್ಳಿ, ಆಮೇಲೆ ಮಷೀನಿನ ವಿಷ್ಯ. ನಮ್ ಕಡೆ ಎಲ್ರೂ ತಿರುಗ್ಸಿ ಮಾಡ್ತಾರೆ, ಹೊಸದು ತಂದ್ಮೇಲೆ ಹಳೇದ್ರಲ್ಲಿ ಏನೇನಿತ್ತು ಅಂತ ಹುಡುಕ್ತಾರೆ.

ಸ್ಪೀಡಿಗೆ ಬೇಕಾದ್ರೆ ಹಾರ್ಡ್ ಡಿಸ್ಕ್ ತೆಗ್ದು ಅದ್ರ ಜಾಗದಲ್ಲಿ ಅದಕ್ಕಿಂತ ವೇಗದ ಒಂದು ಸಾಟಾ ಎಸ್‌ಎಸ್‌ಡಿ ಹಾಕ್ಸಿ, ರ್‍ಯಾಮ್ 8 ಜಿಬಿ ಮಾಡ್ಸಿ. ಆ ಕಾಲದ ಡಿಡಿಆರ್3 ರ್‍ಯಾಮು ಬೆಂಗ್ಳೂರಿನ ಎಸ್ಪಿ ರೋಡಲ್ಲಿ ಈಗ್ಲೂ ಸೆಕೆಂಡ್‌ಹ್ಯಾಂಡ್ ಸಿಗುತ್ತೆ. ಹೊಸ ಲ್ಯಾಪ್‌ಟಾಪಿಗೆ ಕೊಡೋ ದುಡ್ಡಲ್ಲಿ ಒಂದು ಸಣ್ಣ ಪಾಲಿಗೆ ಆಗೋಗುತ್ತೆ, ಕಾಫಿ ಕುಡ್ಯೋಕೆ ಟೈಮ್ ಕೊಡಲ್ಲ ಆಮೇಲೆ. ತೆಗ್ದ ಹಳೇ ಡಿಸ್ಕನ್ನ ಫಾರ್ಮ್ಯಾಟ್ ಮಾಡ್ಸಬೇಡಿ, ಅದೂ ಒಂದು ಕಾಪಿ, ಮೇಲೆ ತಾರೀಖು ಬರ್ದು ಬೀರುವಲ್ಲಿಡಿ. ಅಂಗಡೀಲಿ ಬಿಟ್ಟು ಬರ್ಬೇಡಿ ಅದನ್ನ.

ಅಕ್ಷರಜೋಡಣೆ ಹುಬ್ಬಳ್ಳಿ:

ನೋಡ್ರಿ ಅಕ್ಕಾರ, ನಾ ಡಿಟಿಪಿ ಕೆಲಸ ಮಾಡಾಂವ, ಲಗ್ನಪತ್ರಿಕಿಯಿಂದ ಹಿಡದು ಪುಸ್ತಕದ ತನಕ. ನಿಮ್ಮ ಫೈಲ್ ಕೆಟ್ಟಿಲ್ಲ, ಗಾಬರಿ ಆಗಬ್ಯಾಡ್ರಿ. ಆವಾಗಿನ ಕನ್ನಡ ಸಾಫ್ಟ್‌ವೇರ್ ನುಡಿ, ಬರಹ, ಶ್ರೀಲಿಪಿ, ಪ್ರಕಾಶಕ ಎಲ್ಲಾ ಹಂಗ ಇದ್ದವು. ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಆಕಾರ ಕುಂದ್ರಿಸಿದ್ರು. ಕಂಪ್ಯೂಟರಿಗೆ ಅದು ಇಂಗ್ಲಿಷನ, ಫಾಂಟ್ ಇದ್ರ ಮಾತ್ರ ಕಣ್ಣಿಗೆ ಕನ್ನಡ. ನುಡಿಯೊಳಗ "ಕನ್ನಡ" ಅಂತ ಹೊಡದಿದ್ರ ಒಳಗ ಕೂತಿರೂದು ದೊಡ್ಡ ಪಿ, ಗೀಟಿನ ಎ, ಪೌಂಡ್ ಗುರ್ತು, ಮತ್ತ ಗೀಟಿನ ಎ, ಹಿಂಗ. ನೀವು ನೋಡಿದ್ದು ಅದನ್ನ.

ತುರ್ತಿಗೆ ಏನ್ ಮಾಡ್ರಿ ಅಂದ್ರ, ಅಪ್ಪಾರ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಾಗ ನುಡಿ ಅಂತ ಶುರು ಆಗೂ ಫಾಂಟ್ ಎಲ್ಲಾ ಕಾಪಿ ಮಾಡ್ಕೊಂಡು ನಿಮ್ಮ ಲ್ಯಾಪ್‌ಟಾಪಿಗೆ ಹಾಕ್ರಿ. ಫೈಲ್ ತೆರದ ಕೂಡ್ಲೇ ಕನ್ನಡ ಕಾಣ್ತೈತಿ. ವರ್ಡಿನ ಬದಲಿ ಬಳಸೂ ಉಚಿತ ಲಿಬ್ರೆಆಫೀಸಿನಾಗೂ ಕಾಣ್ತೈತಿ. ಆದ್ರ ಇದು ನೋಡಾಕಷ್ಟ. ಹುಡುಕಾಕ ಬರೂದಿಲ್ಲ, ಅಕಾರಾದಿ ಜೋಡ್ಸಾಕ ಬರೂದಿಲ್ಲ, ವಾಟ್ಸಾಪಿಗೆ ಪೇಸ್ಟ್ ಮಾಡಿದ್ರ ಮತ್ತ ಅದ ಪೌಂಡ್ ಗುರ್ತು. ಹಾಡಿನ ಸಂಗ್ರಹ ಅಂದ್ರ ಹುಡುಕಾಕ ಬರಲಿಕ್ಕಬೇಕಲ್ರೀ, ಒಂದು ಸೊಲ್ಲು ನೆನಪಾದ್ರ ಯಾವ ಹಾಡಿನ್ಯಾಗ ಐತಿ ಅಂತ ಸಿಗಬೇಕು. ಅದಕ್ಕ ಯೂನಿಕೋಡಿಗೆ ತರಾಕಬೇಕು, ಅಂದ್ರ ಕಂಪ್ಯೂಟರಿಗೂ ಕನ್ನಡ ಅಂತನ ತಿಳಿಯೂ ಅಕ್ಷರಕ್ಕ.

ಕನ್ವರ್ಟರ್ ಸಾಕಷ್ಟು ಅದಾವ, ನುಡಿಯವರದ ಐತಿ, ಬರಹದಾಗ ಐತಿ, ಆನ್‌ಲೈನಿನಾಗೂ ಅದಾವ. ಮೂರು ಕಡೆ ಹುಷಾರಿರ್ರಿ. ಒಂದು ಅರ್ಕಾವತ್ತು. ಹಳೇ ಫೈಲಿನ್ಯಾಗ "ಧರ್ಮ" ಅಂದ್ರ ಧ, ಮ, ಆಮ್ಯಾಲೆ ಅರ್ಕಾವತ್ತು, ಈ ಸಾಲಿನ್ಯಾಗ ಕುಂತಿರತೈತಿ. ಯೂನಿಕೋಡಿನಾಗ ರಕಾರ ಮುಂದ ಬರಬೇಕು. ಕನ್ವರ್ಟರ್ ಅದನ್ನ ಸರಿಯಾಗಿ ಹಿಂದಮುಂದ ಮಾಡಲಿಲ್ಲ ಅಂದ್ರ ಪದ ಕೆಡತೈತಿ. ಸೂರ್ಯ, ಮರ್ಯಾದಿ, ತೀರ್ಥಹಳ್ಳಿ ಇಂಥಾ ಪದ ಹುಡುಕಿ ಮೊದಲ ಪರೀಕ್ಷೆ ಮಾಡ್ರಿ. ಇನ್ನೊಂದು, ನಡುವ ಇಂಗ್ಲಿಷ್ ಪದ ಇದ್ರ ಪೇಸ್ಟ್ ಮಾಡಿ ಬದಲಿಸೂ ಕನ್ವರ್ಟರ್ ಅವನ್ನೂ ಕನ್ನಡ ಅಂತ ತಿಳಕೊಂಡು ಏನೇನೋ ಅಕ್ಷರ ಮಾಡಿ ಇಡತೈತಿ. ಫಾಂಟ್ ನೋಡಿ ಬದಲಿಸೂದು ಸಿಕ್ರ ಅದನ್ನ ಬಳಸ್ರಿ. ಮೂರನೇದು, ನುಡಿ, ಬರಹದ್ದು ಶ್ರೀಲಿಪಿಗೆ ಹೊಂದೂದಿಲ್ಲ, ಅದರದ ಬ್ಯಾರೆ ಲೆಕ್ಕ, ಫೈಲಿನ ಫಾಂಟ್ ಹೆಸರು ನೋಡಿ ಕನ್ವರ್ಟರ್ ಆರಿಸ್ಕೋರಿ.

ಮತ್ತ ಬದಲಿಸೂಕಿಂತ ಮೊದಲ ಪ್ರತಿಯೊಂದು ಫೈಲಿಂದೂ ಪಿಡಿಎಫ್ ಮಾಡಿ ಇಡ್ರಿ, ಅದ ಹಳೇ ಕಂಪ್ಯೂಟರಿನಾಗ. ಪಿಡಿಎಫಿನ ಒಳಗ ಫಾಂಟ್ ಸೇರಿ ಹೋಗಿರತೈತಿ, ಯಾವ ಫೋನಿನ್ಯಾಗ ತೆರದ್ರೂ ಅಪ್ಪಾರು ಬರದಂಗ ಕಾಣ್ತೈತಿ. ಪ್ರೂಫ್ ನೋಡೂಮುಂದ ಅದನ್ನ ಬಾಜೂಕ ಇಟಗೋರಿ. ನುಡಿ ಫೈಲನ್ನ ಮಾತ್ರ ಎಂದೂ ಅಳಸಬ್ಯಾಡ್ರಿ. ನಮ್ಮ ಕಡೆ ಪುಟ ಜೋಡ್ಸೂ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರಿನಾಗ ಮಾಡಿದ ಪುಸ್ತಕ ಎಷ್ಟೋ ಅದಾವ, ಪೇಜ್‌ಮೇಕರ್ 7 ಆದಮ್ಯಾಲೆ ಅಡೋಬಿಯವರು ಹೊಸದು ತರಲೇ ಇಲ್ಲ, ಅವರದ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ಸಿಎಸ್6 ತನಕ ಆ ಫೈಲ್ ತೆರೀತಿತ್ತು, ಅದರ ಮುಂದಿನವು ತೆರ್ಯೂದಿಲ್ಲ. ಲೇಖಕರು ಮರುಮುದ್ರಣಕ್ಕ ಅಂತ ಬರ್ತಾರ, ಕೈಯಾಗ ಸಿಡಿ ಹಿಡಕೊಂಡು. ಪೂರ್ತಿ ಪುಸ್ತಕ ಮತ್ತ ಟೈಪ್ ಮಾಡಿದ್ದೈತಿ. ಒಂದು ಪಿಡಿಎಫ್ ಇದ್ದಿದ್ರ ಅರ್ಧ ಕೆಲಸ ಉಳೀತಿತ್ತು.

ಟಕ್ಸ್ ಪ್ರೇಮಿ:

ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಸಿಸ್ಟಮ್ ಹಾಕಿ. 4 ಜಿಬೀಲೂ ಓಡುತ್ತೆ, ವೈರಸ್ ಕಾಟ ಕಮ್ಮಿ, ಅಪ್‌ಡೇಟಿಗೆ ದುಡ್ಡಿಲ್ಲ. ಕನ್ನಡ ಟೈಪಿಂಗಿಗೆ ಅದ್ರ ಐಬಸ್‌ನಲ್ಲಿ ನುಡೀದೇ ಕೀಲಿ ಜೋಡಣೆ, ಕಗಪ ಲೇಔಟೇ ಇದೆ, ನುಡೀಲಿ ಕೂತಿರೋ ಬೆರಳು ಹಾಗೇ ಓಡುತ್ತೆ. ನಾನು ಹಾಗೇ ಕನ್ನಡ ಟೈಪ್ ಮಾಡೋದು.

ಹಳೇಮಷೀನ್:

ಟಕ್ಸ್, ನಾನೂ ಮಿಂಟ್ ಬಳಸ್ತೀನಿ, ಒಳ್ಳೇದೇ. ಆದ್ರೆ ಎಪ್ಪತ್ತರ ಹತ್ರ ಇರೋ ಮೇಷ್ಟ್ರು 20 ವರ್ಷದಿಂದ ಯಾವ ಮೂಲೇಲಿ ಯಾವ ಐಕಾನ್ ಇದೆ ಅಂತ ಕಣ್ಮುಚ್ಕೊಂಡು ಕೆಲ್ಸ ಮಾಡ್ತಿದಾರೆ, ಅದನ್ನ ಕಿತ್ತು ಹಾಕಿದ್ರೆ ಬರೆಯೋದೇ ನಿಂತೋಗಬಹುದು. ಅವ್ರು ಬರೀತಾ ಇರೋದು ಮುಖ್ಯ, ನಮ್ ಇಷ್ಟದ ಸಿಸ್ಟಮ್ ಅಲ್ಲ. ನನ್ ಸಲಹೆ, ವಿಂಡೋಸ್ 10 ಇರ್ಲಿ, ಅಪ್‌ಡೇಟ್ ಇರೋ ತನಕ ಹೀಗೇ ಬಳಸ್ಲಿ, ಆಮೇಲೆ ಇಂಟರ್ನೆಟ್ ಕನೆಕ್ಷನ್ ತೆಗೆದು ಬರೀ ಬರವಣಿಗೆಗೆ ಅಂತ ಇಟ್ಕೊಳ್ಳಿ. ಬ್ಯಾಂಕು, ಮೇಲು ಎಲ್ಲಾ ಫೋನಲ್ಲೇ ತಾನೇ ಈಗ. ಹೊರಗಿನ ಪೆನ್‌ಡ್ರೈವ್ ಚುಚ್ಚೋದೊಂದು ಬಿಡ್ಬೇಕು, ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಂತೂ ಬೇಡ್ವೇ ಬೇಡ.

ಗ್ರಂಥಾಲಯದವಳು:

ನಾನು ಕಾಲೇಜ್ ಲೈಬ್ರರಿಲಿ ಕೆಲ್ಸ ಮಾಡ್ತೀನಿ. ಎಲ್ರೂ ಫೈಲ್ ಬಗ್ಗೆ ಹೇಳಿದಾರೆ, ನಂಗೆ ದನಿ ಬಗ್ಗೆ ಹೇಳ್ಬೇಕು ಅನ್ನಿಸ್ತಿದೆ, ಯಾಕಂದ್ರೆ ಪದ ಮತ್ತೆ ಬರೀಬಹುದು, ಆ ಅಜ್ಜಿ ದನಿ ಮತ್ತೆ ಬರಲ್ಲ. ಸಿಡೀಲಿರೋದನ್ನೇ ಮೊದ್ಲು ಕಾಪಿ ಮಾಡಿ, ಈ ವಾರವೇ ಮಾಡಿ. ಅಂಗಡೀಲಿ ಬರ್ನ್ ಮಾಡ್ಕೊಟ್ಟ ಸಿಡೀಲಿ ಇರೋದು ಒಂದು ಬಣ್ಣದ ಪದರ, ಬಿಸಿಲು, ತೇವ ತಾಗಿದ್ರೆ ಹಾಳಾಗ್ತಾ ಬರುತ್ತೆ, ಅದೂ ಮಲೆನಾಡಿನ ಮಳೆಗಾಲ ಎಷ್ಟು ಕಳ್ದಿದೆಯೋ ಅದು.

ಒಂದು ವಿಷ್ಯ ಗಮನಿಸಿ, ಅವು ಆಡಿಯೋ ಸಿಡಿ ಆಗಿದ್ರೆ ಕಂಪ್ಯೂಟರಲ್ಲಿ ತೆಗ್ದಾಗ ಟ್ರ್ಯಾಕ್ 01, ಟ್ರ್ಯಾಕ್ 02 ಅಂತ ಸಿಡಿಎ ಫೈಲು ಕಾಣ್ಸುತ್ತೆ, ಒಂದೊಂದೂ 1 ಕೆಬಿ ಅಷ್ಟೇ. ಅದನ್ನ ಎಳ್ಕೊಂಡು ಹಾರ್ಡ್ ಡಿಸ್ಕಿಗೆ ಹಾಕಿದ್ರೆ ದನಿ ಬಂದಿರಲ್ಲ, ಅದು ಬರೀ ಸಿಡೀಲಿ ಹಾಡು ಎಲ್ಲಿದೆ ಅಂತ ತೋರ್ಸೋ ಗುರುತು. ಸಿಡಿ ಒಳಗಿದ್ದಾಗ ಪ್ಲೇ ಆಗುತ್ತೆ, ಅದಕ್ಕೇ ಸರಿ ಹೋಯ್ತು ಅಂದ್ಕೊಂಡ್ಬಿಡ್ತಾರೆ. ರಿಪ್ ಮಾಡೋ, ಅಂದ್ರೆ ಸಿಡೀಲಿರೋ ದನೀನ ಫೈಲಾಗಿ ಮಾಡೋ ಸಾಫ್ಟ್‌ವೇರಲ್ಲಿ ವೇವ್ ಅಥವಾ ಫ್ಲ್ಯಾಕ್ ಫೈಲಾಗಿ ತೆಗೀಬೇಕು. ಸಿಡಿ ಹೊರಗೆ ತೆಗೆದಾದ್ಮೇಲೆ ಒಂದ್ಸಲ ಪೂರ್ತಿ ಕೇಳಿ.

ನೋಕಿಯಾದಲ್ಲಿ ಮಾಡಿದ್ದು ಬಹುಶಃ ಎಎಂಆರ್ ಅನ್ನೋ ಥರದ ದನಿ ಫೈಲುಗಳು. ವಿಎಲ್‌ಸಿ ಪ್ಲೇಯರಲ್ಲಿ ಪ್ಲೇ ಆಗುತ್ತಾ ನೋಡಿ. ಅದ್ರ ಒಂದು ವೇವ್ ಪ್ರತಿ ಮಾಡಿ, ಮೂಲ ಎಎಂಆರನ್ನೂ ಇಟ್ಕೊಳ್ಳಿ. ಮೆಮೊರಿ ಕಾರ್ಡು, ಪೆನ್‌ಡ್ರೈವು ಇವನ್ನ ಕಪಾಟಲ್ಲಿ ವರ್ಷಗಟ್ಲೆ ಇಟ್ಟು ಮರೆಯೋ ಜಾಗ ಅಂತ ತಿಳ್ಕೋಬೇಡಿ, ಕರೆಂಟ್ ಕಾಣದೆ ಬಹಳ ಕಾಲ ಬಿದ್ದಿದ್ರೆ ಅದ್ರಲ್ಲಿರೋದು ಅಳ್ಸೋಗೋ ಸಾಧ್ಯತೆ ಇದೆ.

ಲೈಬ್ರರಿಗಳಲ್ಲಿ ನಾವು ಪಾಲಿಸೋದು ಮೂರು ಪ್ರತಿ, ಎರಡು ಬೇರೆ ಬೇರೆ ಥರದ ವಸ್ತುವಿನ ಮೇಲೆ, ಒಂದು ಬೇರೆ ಊರಲ್ಲಿ. ನಿಮ್ಮನೇಲಿ ಇದು ಸುಲಭ, ಅಪ್ಪನ ಕಂಪ್ಯೂಟರಲ್ಲಿ ಒಂದು, ಹೊರಗಡೆ ಹಾಕೋ ಹಾರ್ಡ್ ಡಿಸ್ಕಲ್ಲಿ ಒಂದು ಅದು ನಿಮ್ ಜೊತೆ ಬೆಂಗ್ಳೂರಿಗೆ ಬರ್ಲಿ, ಇನ್ನೊಂದು ಗೂಗಲ್ ಡ್ರೈವೋ ಇನ್ಯಾವ್ದೋ ಕ್ಲೌಡಲ್ಲಿ. ಊರಿಗೆ ಹೋದಾಗೆಲ್ಲ ಡಿಸ್ಕ್ ತಗೊಂಡೋಗಿ ಹೊಸದು ಸೇರ್ಸಿ ತನ್ನಿ. ದೀಪಾವಳಿಗಂತೂ ಹೋಗ್ತೀರಲ್ಲ, ಅಂಟಿಗೆ ಪಂಟಿಗೆ ಟೈಮೇ ಅದು.

ಫೈಲಿಗೆ ಹೆಸ್ರಿಡೋದು ಇನ್ನೊಂದು ದೊಡ್ಡ ಕೆಲ್ಸ, ಮತ್ತೆ ಇದು ಅಪ್ಪ ಇದ್ದಾಗ್ಲೇ ಅಪ್ಪನ ಜೊತೆ ಕೂತು ಮಾಡ್ಬೇಕು. "ರೆಕಾರ್ಡ್ 014" ಅಂದ್ರೆ ನಾಳೆ ಯಾರಿಗೂ ಗೊತ್ತಾಗಲ್ಲ. ವರ್ಷ, ಊರು, ಹಾಡಿದವರು, ಹಾಡಿನ ಮೊದಲ ಸೊಲ್ಲು. ಹೆಸ್ರಲ್ಲಿ ಹಿಡಿಸದಿದ್ರೆ ಪಕ್ಕದಲ್ಲಿ ಒಂದು ಸಣ್ಣ ಟೆಕ್ಸ್ಟ್ ಫೈಲ್. ಯಾವ ಸಂದರ್ಭಕ್ಕೆ ಹಾಡಿದ್ರು, ಮದುವೇಲಿ ಯಾವ ಶಾಸ್ತ್ರಕ್ಕೆ, ಅವ್ರು ಯಾರಿಂದ ಕಲ್ತಿದ್ರು, ಇದೆಲ್ಲ ಅವ್ರ ತಲೇಲಿ ಮಾತ್ರ ಇರೋದು. ಫೋನಲ್ಲೇ ಅವ್ರ ಮಾತು ರೆಕಾರ್ಡ್ ಮಾಡ್ಕೊಂಡ್ರೂ ಆಯ್ತು.

ಹಾಗೇ ಒಂದು ಪ್ರತಿ ಸಂಸ್ಥೆಗೆ ಕೊಡೋದನ್ನೂ ಯೋಚ್ನೆ ಮಾಡಿ. ಹಾವೇರಿ ಜಿಲ್ಲೆ ಗೊಟಗೋಡಿಲಿ ಜಾನಪದ ವಿಶ್ವವಿದ್ಯಾಲಯ ಇದೆ, ಉಡುಪಿ ಎಂಜಿಎಂ ಕಾಲೇಜಲ್ಲಿ ಜನಪದ ರಂಗಕಲೆಗಳ ಕೇಂದ್ರ ಇದೆ, ಹಂಪಿ ಕನ್ನಡ ವಿಶ್ವವಿದ್ಯಾಲಯ ಇದೆ. ಪತ್ರ ಬರ್ದು ಕೇಳಿ ನೋಡಿ. ಕೊಡೋ ಮುಂಚೆ ಹಾಡಿದೋರ ಮನೆಯವ್ರಿಗೆ ಒಂದು ಮಾತು ಹೇಳಿ, ಅವ್ರಿಗೂ ಅವ್ರಜ್ಜಿ ಹಾಡಿದ್ದೊಂದು ಪ್ರತಿ ಕೊಡಿ. ಊರಲ್ಲಿ ಹತ್ತು ಮನೇಲಿ ಆ ದನಿ ಇದ್ರೆ ಅದಕ್ಕಿಂತ ಒಳ್ಳೇ ಬ್ಯಾಕಪ್ ನಂಗೆ ಗೊತ್ತಿಲ್ಲ.

ಮಲ್ನಾಡ್ ಮಗಳು:

ಅಕ್ಕಾ, 1 ಕೆಬಿ ವಿಷ್ಯ ಓದಿ ಈಗಷ್ಟೇ ಅಪ್ಪಂಗೆ ಫೋನ್ ಮಾಡ್ದೆ. ಸಿಡಿ ಎಲ್ಲಾ ಟ್ರಂಕಲ್ಲಿ ಬಟ್ಟೆ ಸುತ್ತಿ ಇಟ್ಟಿದಾರಂತೆ, ಬಿಸಿಲಿಗೆ ಬಿದ್ದಿಲ್ಲ. ಫೋನಿನ ಸ್ಟೋರೇಜಿಗೆ ಏನ್ ಮಾಡೋದು ಯಾರಾದ್ರೂ ಹೇಳಿ. ತಿಂಗ್ಳಿಗೆ ದುಡ್ಡು ಕಟ್ಟೋದು ಅಪ್ಪಂಗೆ ಇಷ್ಟ ಇಲ್ಲ.

ಜೆರ್ಸಿ ಕನ್ನಡಿಗ:

ಗೂಗಲ್‌ನ 15 ಜಿಬಿ ಅನ್ನೋದು ಜಿಮೇಲು, ಡ್ರೈವು, ಫೋಟೋಸ್ ಮೂರಕ್ಕೂ ಸೇರಿ. 2021 ಜೂನ್ 1ರಿಂದ ಈಚೆಗೆ ಹಾಕಿದ ಫೋಟೋ ಎಲ್ಲಾ ಲೆಕ್ಕಕ್ಕೆ ಬರುತ್ತೆ, ಆಂಡ್ರಾಯ್ಡಲ್ಲಿ ವಾಟ್ಸಾಪ್ ಬ್ಯಾಕಪ್ಪೂ ಈಗ ಅದ್ರಲ್ಲೇ ತಿನ್ನುತ್ತೆ. ಹಾಗಾಗಿ ಮೊದ್ಲು ವಾಟ್ಸಾಪ್ ನೋಡಿ. ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅಲ್ಲಿ ಮ್ಯಾನೇಜ್ ಸ್ಟೋರೇಜ್ ಒತ್ತಿದ್ರೆ ಯಾವ ಗ್ರೂಪು ಎಷ್ಟು ಜಾಗ ಹಿಡ್ದಿದೆ ಅಂತ ಸಾಲಾಗಿ ತೋರ್ಸುತ್ತೆ. ಶುಭೋದಯ ಚಿತ್ರ, ಫಾರ್ವರ್ಡ್ ವಿಡಿಯೋನೇ ಅರ್ಧಕ್ಕಿಂತ ಜಾಸ್ತಿ ಇರುತ್ತೆ ನಮ್ಮ ಕಡೆ ಹಿರಿಯರ ಫೋನಲ್ಲಿ. ಆಟೋ ಡೌನ್‌ಲೋಡ್ ಆಫ್ ಮಾಡಿ, ಬ್ಯಾಕಪ್ಪಲ್ಲಿ ವಿಡಿಯೋ ಸೇರ್ಸೋದನ್ನ ಆಫ್ ಮಾಡಿ. ಅಳ್ಸೋ ಮುಂಚೆ ಅಪ್ಪನ್ನ ಪಕ್ಕದಲ್ಲಿ ಕೂರ್ಸ್ಕೊಳ್ಳಿ, ಯಾರೋ ಕಳ್ಸಿದ ಹಾಡಿನ ರೆಕಾರ್ಡಿಂಗೂ ಅದ್ರಲ್ಲೇ ಇರಬಹುದು. ಹಳೇ ಫೋಟೋಗಳ ಮೂಲ ಪ್ರತಿ ಫೋನಿಂದ ಕೇಬಲ್ ಹಾಕಿ ಹಾರ್ಡ್ ಡಿಸ್ಕಿಗೆ ತಗೊಂಡ್ಮೇಲೆ ಮಾತ್ರ ಡಿಲೀಟ್.

ನಾನು ಹೇಳ್ಬೇಕಿದ್ದ ಮುಖ್ಯ ವಿಷ್ಯ ಅಕೌಂಟಿನದ್ದು. ಫೈಲೆಲ್ಲ ಕ್ಲೌಡಲ್ಲಿ ಇಟ್ರಿ ಸರಿ, ಅದ್ರ ಬೀಗದ ಕೈ ಯಾರತ್ರ ಇದೆ? ಗೂಗಲ್‌ನೋರು 2023 ಡಿಸೆಂಬರಿಂದ ಎರಡು ವರ್ಷ ಯಾರೂ ತೆರೆಯದ ಅಕೌಂಟನ್ನ ಅಳ್ಸೋ ನಿಯಮ ತಂದಿದಾರೆ. ಅಕೌಂಟ್ ಸೆಟ್ಟಿಂಗ್ಸಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ, ಇಷ್ಟು ತಿಂಗ್ಳು ನಾನು ಬರದಿದ್ರೆ ಇವ್ರಿಗೆ ನನ್ ಡೇಟಾ ಕೊಡಿ ಅಂತ ಮೊದ್ಲೇ ಬರ್ದಿಡಬಹುದು. ಹತ್ತು ಜನರ ತನಕ ಸೇರಿಸ್ಬಹುದು. ಅಪ್ಪನ ಹತ್ರ ಇದನ್ನ ಹೇಗೆ ಎತ್ತೋದು ಅಂತ ಮುಜುಗರ ಆಗೋದು ಸಹಜ, ನಾನು ನಮ್ಮಮ್ಮಂಗೆ ಜಮೀನು ಪಹಣಿ ಥರ ಇದೂ ಒಂದು ಕಾಗದಪತ್ರ ಅಮ್ಮ ಅಂದೆ, ತಕ್ಷಣ ಒಪ್ಕೊಂಡ್ರು.

ಮತ್ತೆ ಫೋನ್ ನಂಬರು. ಎಲ್ಲಾ ಓಟಿಪಿ ಅದಕ್ಕೇ ಬರೋದು. ಪ್ರೀಪೇಯ್ಡ್ ಸಿಮ್ಮು 90 ದಿನ ಬಳ್ಸದೇ ಇದ್ರೆ ಕಂಪನಿಯೋರು ನಿಲ್ಲಿಸ್ಬಹುದು, ಸ್ವಲ್ಪ ಕಾಲ ಆದ್ಮೇಲೆ ಆ ನಂಬರ್ ಬೇರೆಯವ್ರಿಗೆ ಹೋಗುತ್ತೆ. ಇಲ್ಲಿ ಅಮೆರಿಕದಲ್ಲಿರೋ ನಮ್ ಜನಕ್ಕೆ ಇದು ದೊಡ್ಡ ತಲೆನೋವು, ಊರಿನ ಬ್ಯಾಂಕಿಗೆ ಕೊಟ್ಟಿರೋ ನಂಬರನ್ನ ಜೀವಂತ ಇಟ್ಕೊಳ್ಳೋಕೆ ಇಲ್ಲಿಂದ್ಲೇ ರೀಚಾರ್ಜ್ ಮಾಡ್ತಾ ಇರ್ತೀವಿ. ಅಪ್ಪನ ಹತ್ರ ಎರಡು ಸಿಮ್ ಇದ್ರೆ ಯಾವ್ದು ಯಾವ್ದಕ್ಕೆ ಕೊಟ್ಟಿದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಸಿ. ರಿಕವರಿ ಮೇಲ್ ಅಂತ ನಿಮ್ದು ಹಾಕಿ.

ಹೊಸ ಫೋನ್ ಯಾವಾಗಾದ್ರೂ ತಗೊಳ್ಳೋದಾದ್ರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನೋದ್ಕಿಂತ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ಅಂತ ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಬಂದಾಗ ಏಳು ವರ್ಷ ಅಂದ್ರು, ಕಮ್ಮಿ ಬೆಲೆ ಫೋನುಗಳಲ್ಲಿ ಕೆಲವು ಎರಡೇ ವರ್ಷಕ್ಕೆ ಕೈಬಿಡುತ್ತೆ. ಬಾಕ್ಸ್ ಮೇಲೆ ಬರ್ದಿರಲ್ಲ, ಕಂಪನಿ ಸೈಟಲ್ಲಿ ನೋಡ್ಬೇಕು.

ಮಲ್ನಾಡ್ ಮಗಳು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಪ್ಪಂಗೆ ಪೂರ್ತಿ ಓದಿ ಹೇಳ್ದೆ. ಲ್ಯಾಪ್‌ಟಾಪ್ ಸದ್ಯಕ್ಕೆ ಬೇಡ ಅಂತ ಆಯ್ತು. ಈ ಶನಿವಾರ ಊರಿಗೆ ಹೋಗ್ತಿದೀನಿ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು. ಮೊದ್ಲು ಸಿಡಿ, ಆಮೇಲೆ ಮೆಮೊರಿ ಕಾರ್ಡು, ಆಮೇಲೆ ಎಲ್ಲಾ ವರ್ಡ್ ಫೈಲಿಂದೂ ಪಿಡಿಎಫ್. ಎಸ್‌ಎಸ್‌ಡಿ ಹಾಕ್ಸೋದು ಇದೆಲ್ಲ ಆದ್ಮೇಲೆನೇ. ಹಾಡುಗಳ ಹೆಸ್ರು ಬರೆಯೋಕೆ ಅಪ್ಪ ಈಗಾಗ್ಲೇ ಒಂದು ಲಾಂಗ್‌ಬುಕ್ ತೆಗ್ದಿಟ್ಕೊಂಡಿದಾರೆ, ಫೋನಲ್ಲೇ ಶುರು ಮಾಡ್ಕೊಂಡ್ಬಿಟ್ರು ಯಾವ ಹಾಡು ಯಾರದ್ದು ಅಂತ.

ಹುಬ್ಬಳ್ಳಿ ಅಣ್ಣಾ, ಹಾಡುಗಳಲ್ಲಿ ನಮ್ ಕಡೆ ಆಡುಮಾತಿನ ಪದ ಜಾಸ್ತಿ, ಉಚ್ಚಾರಣೆ ತೋರ್ಸೋಕೆ ಅಪ್ಪ ಅಲ್ಲಲ್ಲಿ ಎರಡೆರಡು ದೀರ್ಘ ಎಲ್ಲ ಹಾಕಿದಾರೆ. ಕನ್ವರ್ಟ್ ಆದಾಗ ಅವು ಉಳ್ಯುತ್ತಾ?

ಅಕ್ಷರಜೋಡಣೆ ಹುಬ್ಬಳ್ಳಿ:

ಅಲ್ಲೇ ತೊಂದ್ರಿ ಬರೂದು ಅಕ್ಕಾರ. ಕೆಲವು ಕನ್ವರ್ಟರ್ ಎರಡನೇ ದೀರ್ಘ ನುಂಗಿಬಿಡ್ತಾವ. ಅಂಥಾ ಪದ ಹೆಚ್ಚಿರೂ ಒಂದು ಹಾಡು ಆರಿಸಿ ಎರಡು ಮೂರು ಕನ್ವರ್ಟರಿನ್ಯಾಗ ಹಾಕಿ ಪಿಡಿಎಫ್ ಜೋಡಿ ಇಟ್ಟು ನೋಡ್ರಿ, ಯಾವುದು ಸರಿ ಬರ್ತೈತೋ ಅದರಿಂದ ಉಳದದ್ದು ಮಾಡ್ರಿ. ಬರ್ಲಿಲ್ಲ ಅಂದ್ರ ಫೈಲು, ಅದರ ಫಾಂಟು, ಪಿಡಿಎಫು ಮೂರೂ ನನಗ ಕಳಸ್ರಿ, ನಾ ಕುಂತು ಮಾಡಿ ಕೊಡ್ತೇನಿ. ರೊಕ್ಕ ಏನೂ ಬ್ಯಾಡ.